ಭಾಗಾಕಾರಕ್ಕೆ ಮೊದಲು ಅಂದಾಜು: ‘ಏಳೆಂಟು’ ಎನ್ನುವುದರಿಂದ ಶುರುಮಾಡಿ

ಐದನೇ ತರಗತಿಯ ಹುಡುಗಿಯೊಬ್ಬಳು 3612 ÷ 12 ಲೆಕ್ಕಕ್ಕೆ 31 ಎಂದು ಉತ್ತರ ಬರೆದು ತಂದಳು. ಹಂತಗಳೆಲ್ಲ ಚೆಂದವಾಗಿದ್ದವು. 36ರಲ್ಲಿ 12 ಮೂರು ಸಲ. ಮುಂದಿನ 1 ಇಳಿಸಿದಾಗ 12 ಹೋಗಲಿಲ್ಲ, ಅಲ್ಲಿ ಸೊನ್ನೆ ಇಡದೆ 2ನ್ನೂ ಇಳಿಸಿಕೊಂಡಿದ್ದಳು. 12ರಲ್ಲಿ 12 ಒಂದು ಸಲ, ಶೇಷ ಸೊನ್ನೆ. ಶೇಷ ಸೊನ್ನೆ ಬಂದರೆ ಮಕ್ಕಳಿಗೆ ದೊಡ್ಡ ನೆಮ್ಮದಿ, ಲೆಕ್ಕ ಸರಿಯಾಯಿತು ಎಂದೇ ಅರ್ಥ.

ನಾನು ತಪ್ಪು ತೋರಿಸಲಿಲ್ಲ. “3612 ಕಿಲೋ ನೆಲ್ಲು 12 ಮನಿಗೆ ಹಂಚಿದ್ರ ಒಂದು ಮನಿಗೆ ಬರೇ 31 ಕಿಲೋ ಬರ್ತದೇನವ್ವಾ?” ಎಂದೆ. ಅರೆಗಳಿಗೆ ಯೋಚಿಸಿ, “ಇಲ್ರೀ ಸರ, ಇನ್ನೂ ಭಾಳ ಬರ್ತದ” ಎಂದಳು.

ಆ ‘ಇನ್ನೂ ಭಾಳ ಬರ್ತದ’ ಎನ್ನುವುದೇ ಅಂದಾಜು. ಅದು ಅವಳ ತಲೆಯಲ್ಲಿ ಇತ್ತು, ನೋಟ್‌ಬುಕ್ಕಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಸಿಂಧನೂರು ಸೀಮೆಯ ಮಕ್ಕಳು ಚೀಲ, ಕ್ವಿಂಟಲ್, ಎಕರೆ, ಗುಂಟೆ ಕೇಳುತ್ತಲೇ ಬೆಳೆಯುತ್ತಾರೆ. ಸುಗ್ಗಿಯಲ್ಲಿ ಅಪ್ಪ ಕಣದ ರಾಶಿ ನೋಡಿ ಎಷ್ಟು ಚೀಲ ಆದೀತು ಎಂದು ಹೇಳುವುದನ್ನು ಕೇಳಿರುತ್ತಾರೆ. ಶಾಲೆಯ ಭಾಗಾಕಾರ ಮಾತ್ರ ಆ ಬುದ್ಧಿಯನ್ನು ಹೊರಗೆ ನಿಲ್ಲಿಸಿಬಿಡುತ್ತದೆ. ಅದನ್ನು ಒಳಗೆ ಕರೆತರುವ ಕ್ರಮ ಇಲ್ಲಿದೆ. ನಾಲ್ಕು ಮತ್ತು ಐದನೇ ತರಗತಿಗೆ ಇದು ಹೊಂದುತ್ತದೆ, ಕೊನೆಯ ಭಾಗ ಆರು-ಏಳಕ್ಕೆ. ಮನೆಯಲ್ಲಿ ಕೂತು ಹೇಳಿಕೊಡುವ ತಂದೆ-ತಾಯಿಯೂ ಇದನ್ನು ಮಾಡಬಹುದು.

ಶುರುಮಾಡುವ ಮುಂಚೆ

ಮಗುವಿಗೆ ಬಾಯಲ್ಲೇ ಮೂರು ಪ್ರಶ್ನೆ ಕೇಳಿ: ಏಳು ಹತ್ತಲೆ ಎಷ್ಟು? ಏಳು ನೂರಲೆ? ಏಳು ನಲವತ್ತಲೆ? ಮೊದಲ ಎರಡಕ್ಕೆ ಉತ್ತರ ಬರುತ್ತದೆ. ಮೂರನೆಯದಕ್ಕೆ ಬಹಳ ಮಕ್ಕಳು ತಡವರಿಸುತ್ತಾರೆ. ತಡವರಿಸಿದರೆ ಮುಂದೆ ಹೋಗಬೇಡಿ, ಮೂರು-ನಾಲ್ಕು ದಿನ ಅದಕ್ಕೇ ಕೊಡಿ. ‘ಸೊನ್ನೆ ಸೇರಿಸು’ ಎಂದು ಉಪಾಯ ಹೇಳಿಕೊಡುವುದಕ್ಕಿಂತ ಹತ್ತರ ನೋಟು ಎಣಿಸುವುದು ವಾಸಿ. ಏಳು ಜನರಿಗೆ ತಲಾ ನಾಲ್ಕು ಹತ್ತರ ನೋಟು ಕೊಟ್ಟರೆ 28 ನೋಟು, ಅಂದರೆ 280 ರೂಪಾಯಿ. ಕಾಗದ ಹರಿದು ಮಾಡಿದ ನೋಟು ಸಾಕು.

ಹಂತ 1: ಜೋಡಿ ಮಾತು

ಕನ್ನಡದಲ್ಲಿ ಅಂದಾಜಿಗೆಂದೇ ಮಾತುಗಳಿವೆ. ‘ಎಷ್ಟು ಮಂದಿ ಬಂದಿದ್ರು?’ ಎಂದರೆ ‘ಏಳೆಂಟು ಮಂದಿ’ ಎನ್ನುತ್ತೇವೆ. ನಾಲ್ಕೈದು ಚೀಲ, ಮೂರ್ನಾಲ್ಕು ದಿನ, ಐದಾರು ಕೊಡ. ಏಳೆಂಟು ಎಂದವರು ಏಳು ಎಂದೂ ಹೇಳಲಿಲ್ಲ, ಎಂಟು ಎಂದೂ ಹೇಳಲಿಲ್ಲ, ಇವೆರಡರ ನಡುವೆ ಎಲ್ಲೋ ಇದೆ ಎಂದರು. ಭಾಗಾಕಾರದ ಅಂದಾಜಿಗೆ ನಮಗೆ ಬೇಕಾದದ್ದು ಇಷ್ಟೇ. ನಮ್ಮ ಭಾಗದ ಕ್ಯಾಂಪುಗಳಿಂದ, ಅಂದರೆ ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳಿಂದ, ಬರುವ ಮಕ್ಕಳ ಮನೆಮಾತು ತೆಲುಗು. ಅಲ್ಲೂ ‘ಏಡೆನಿಮಿದಿ’ ಇದೆ. ಉರ್ದು ಮಾತಾಡುವ ಮನೆಗಳಲ್ಲಿ ‘ಸಾತ್ ಆಠ್’ ಇದೆ. ಮಗುವಿನ ಮನೆಮಾತಿನಲ್ಲೇ ಹೇಳಿಸಿ.

50 ÷ 7 ಎಂದು ಹಲಗೆಯ ಮೇಲೆ ಬರೆಯಿರಿ. ಉತ್ತರ ಕೇಳಬೇಡಿ, ಜೋಡಿ ಕೇಳಿ. ಏಳೇಳ್ಲೆ ನಲವತ್ತೊಂಬತ್ತು, ಏಳೆಂಟ್ಲೆ ಐವತ್ತಾರು. 50 ಇವೆರಡರ ನಡುವೆ ಇದೆ, ಆದ್ದರಿಂದ ‘ಏಳೆಂಟು’. 30 ÷ 7 ‘ನಾಲ್ಕೈದು’. 44 ÷ 6 ಮತ್ತೆ ‘ಏಳೆಂಟು’. 44 ÷ 9 ‘ನಾಲ್ಕೈದು’. ಪ್ರತಿ ಸಲವೂ ಎರಡನೇ ಪ್ರಶ್ನೆ ಕೇಳಿ: “ಯಾವುದಕ್ಕ ಸಮೀಪ?” 50 ÷ 7 ಏಳಕ್ಕೇ ಅಂಟಿಕೊಂಡಿದೆ. 44 ÷ 9 ಇನ್ನೇನು ಐದನ್ನು ಮುಟ್ಟಲಿದೆ, ಒಂದೇ ಒಂದು ಕಡಿಮೆ. ಈ ಎರಡನೇ ಪ್ರಶ್ನೆ ಬಿಟ್ಟರೆ ಜೋಡಿ ಹೇಳುವುದು ಬರೀ ಆಟವಾಗುತ್ತದೆ.

ಇದು ನಾಲಿಗೆಗೆ ಕುಳಿತ ಮೇಲೆ 500 ÷ 7 ಕೊಡಿ. ಜೋಡಿ ಅದೇ, ಸ್ಥಾನ ಬೇರೆ: ‘ಎಪ್ಪತ್ತು ಎಂಬತ್ತು’. 5000 ÷ 7 ‘ಏಳುನೂರು ಎಂಟುನೂರು’. ಮೂರೂ ಲೆಕ್ಕ ಒಂದರ ಕೆಳಗೊಂದು ಬರೆದು ಸುಮ್ಮನಿರಿ. ಮಕ್ಕಳೇ ಗುರುತಿಸಲಿ, ತಡವಾದರೂ ಪರವಾಗಿಲ್ಲ.

ಹಂತ 2: ಬೇಲಿ ಹಾಕಿ, ಮನೆ ಎಣಿಸಿ

ಇಡೀ ಕ್ರಮದಲ್ಲಿ ಒಂದೇ ಒಂದು ಹಂತ ಉಳಿಸಿಕೊಳ್ಳಬಹುದು ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಉತ್ತರ ಎಷ್ಟು ಎಂದು ಕೇಳುವ ಮೊದಲು ಉತ್ತರದಲ್ಲಿ ಎಷ್ಟು ಅಂಕಿ ಎಂದು ಕೇಳುವುದು.

3612 ÷ 12ಕ್ಕೇ ಮರಳೋಣ. ಭಾಜಕ 12. ಅದನ್ನು ಹತ್ತರಿಂದ, ನೂರರಿಂದ, ಸಾವಿರದಿಂದ ಗುಣಿಸಿ ಸಾಲಾಗಿ ಬರೆಯಿಸಿ: 120, 1200, 12,000. ಇವು ಬೇಲಿಗಳು. ನಮ್ಮ 3612 ಯಾವ ಎರಡು ಬೇಲಿಗಳ ನಡುವೆ ಬಿತ್ತು? 1200 ದಾಟಿದೆ, 12,000 ಮುಟ್ಟಿಲ್ಲ. ಆದ್ದರಿಂದ ಉತ್ತರ ನೂರಕ್ಕಿಂತ ಹೆಚ್ಚು, ಸಾವಿರಕ್ಕಿಂತ ಕಡಿಮೆ. ಮೂರಂಕಿ. ಆಗಲೇ ಉತ್ತರ ಬರೆಯುವ ಜಾಗದಲ್ಲಿ ಮೂರು ಖಾಲಿ ಮನೆ ಬರೆಸಿ: ▢▢▢.

ಈ ಖಾಲಿ ಮನೆಗಳು ಮಾಡುವ ಕೆಲಸ ದೊಡ್ಡದು. ಮಗು 3 ಬರೆದು, 1 ಬರೆದು ನಿಲ್ಲಿಸಿದರೆ ಒಂದು ಮನೆ ಖಾಲಿ ಉಳಿಯುತ್ತದೆ. ‘ಸೊನ್ನೆ ಮರೆತೆ’ ಎಂದು ಮೇಷ್ಟ್ರು ಹೇಳಬೇಕಾಗಿಲ್ಲ, ಖಾಲಿ ಮನೆಯೇ ಹೇಳುತ್ತದೆ. ನನ್ನ ತರಗತಿಯಲ್ಲಿ ಭಾಗಲಬ್ಧದ ನಡುವಿನ ಸೊನ್ನೆ ಬಿಟ್ಟುಹೋಗುವುದು ಕಡಿಮೆಯಾದದ್ದು ಮನೆ ಬರೆಸಲು ಶುರುಮಾಡಿದ ಮೇಲೆ. ಅದಕ್ಕೂ ಮೊದಲು ಎಷ್ಟು ಸಲ ನಿಯಮ ಹೇಳಿದರೂ ಆಗಿರಲಿಲ್ಲ.

ದಿನಕ್ಕೆ ಐದಾರು ಲೆಕ್ಕ ಬರೀ ಮನೆ ಎಣಿಸುವುದಕ್ಕೆ ಕೊಡಿ, ಭಾಗಿಸುವುದೇ ಬೇಡ. 845 ÷ 9, 912 ÷ 9, 4300 ÷ 75, 7600 ÷ 75. ಮೊದಲನೆಯದಕ್ಕೆ ಎರಡು ಮನೆ, ಎರಡನೆಯದಕ್ಕೆ ಮೂರು. ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಮೂರು. ಬೇಲಿಯ ಆಚೀಚೆ ಇರುವ ಇಂಥ ಜೋಡಿಗಳನ್ನೇ ಹುಡುಕಿ ಕೊಡಬೇಕು.

ಹಂತ 3: ಭಾಜಕದ ಮಗ್ಗಿಗೆ ಎಳೆಯಿರಿ

ಬಹಳ ಕಡೆ ಕಲಿಸುವುದು ‘ಎರಡೂ ಸಂಖ್ಯೆಯನ್ನು ಸಮೀಪದ ಹತ್ತಕ್ಕೆ ಅಥವಾ ನೂರಕ್ಕೆ ಸರಿಮಾಡಿ ಭಾಗಿಸು’ ಎಂದು. ಕೂಡುವ ಕಳೆಯುವ ಲೆಕ್ಕಕ್ಕೆ ಅದು ಸಾಕು. ಭಾಗಾಕಾರಕ್ಕೆ ಅದು ಕೈಕೊಡುತ್ತದೆ.

358 ÷ 6 ನೋಡಿ. 358 ಅನ್ನು 400 ಮಾಡಿ, 6 ಅನ್ನು 10 ಮಾಡಿದರೆ ಅಂದಾಜು 40. ನಿಜವಾದ ಉತ್ತರ 59 ಮತ್ತು ಶೇಷ 4, ಸುಮಾರು 60. ಆರನ್ನು ಹತ್ತು ಮಾಡುವುದೆಂದರೆ ಆರು ಮಂದಿಗೆ ಬಡಿಸಬೇಕಾದದ್ದನ್ನು ಹತ್ತು ಮಂದಿಗೆ ಬಡಿಸಿದಂತೆ. ಮಗುವಿಗೆ ಹೀಗೆ ಹೇಳಿ: ಭಾಜಕ ಒಂದೇ ಅಂಕಿಯದಾಗಿದ್ದರೆ ಅದನ್ನು ಮುಟ್ಟಬೇಡ. ಭಾಜ್ಯವನ್ನು ಅದರ ಮಗ್ಗಿಗೆ ಎಳೆದು ತಾ. ಆರರ ಮಗ್ಗಿಯಲ್ಲಿ 36 ಇದೆ. 358 ಅನ್ನು 360 ಮಾಡಿದರೆ 360 ÷ 6 = 60.

ಭಾಜಕ ಎರಡಂಕಿಯದಾದರೆ ಅದನ್ನು ಸಮೀಪದ ಹತ್ತಕ್ಕೆ ಸರಿಸಬಹುದು. ಆಮೇಲೆ ಭಾಜ್ಯವನ್ನು ಆ ಹತ್ತರ ಮಗ್ಗಿಗೆ ಎಳೆಯಬೇಕು. ಗಂಗಾವತಿ ಬಳಿ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ನಮ್ಮ ಮಕ್ಕಳಲ್ಲಿ ಹಲವರು ಹತ್ತಿದ್ದಾರೆ. ‘68 ಮೆಟ್ಟಿಲಿಗೊಮ್ಮೆ ಕೂತರೆ ಎಷ್ಟು ಸಲ ಕೂರಬೇಕಾದೀತು?’ 68 ಅನ್ನು 70 ಮಾಡಿದೆವು. 575 ಅನ್ನು 600 ಮಾಡಿದರೆ 600 ÷ 70 ಸಲೀಸಾಗಿ ಹೋಗದು. ಏಳರ ಮಗ್ಗಿಯಲ್ಲಿ 57ರ ಹತ್ತಿರ ಏನಿದೆ? 56. ಹಾಗಾದರೆ 560 ÷ 70 = 8. ಸುಮಾರು ಎಂಟು ಸಲ.

ಇಲ್ಲಿ ಒಂದು ವಿಷಯಕ್ಕೆ ಶಿಕ್ಷಕರೇ ಮೊದಲು ಒಪ್ಪಬೇಕು. ಒಂದೇ ಲೆಕ್ಕಕ್ಕೆ ಇಬ್ಬರು ಮಕ್ಕಳು ಬೇರೆ ಬೇರೆ ಅಂದಾಜು ಕೊಡಬಹುದು, ಎರಡೂ ಸರಿ ಇರಬಹುದು. 2650 ÷ 38ಕ್ಕೆ ಒಬ್ಬ 2800 ÷ 40 = 70 ಎಂದ. ಇನ್ನೊಬ್ಬಳು 2400 ÷ 40 = 60 ಎಂದಳು. ನಾನು ಎರಡಕ್ಕೂ ಸರಿ ಗುರುತು ಹಾಕಿದೆ. ಯಾವುದು ಹೆಚ್ಚು ಸಮೀಪ ಎಂದು ಅವರೇ ವಾದ ಮಾಡಲಿ ಎಂದು ಬಿಟ್ಟೆ. ‘2650ಕ್ಕ 2800 ಸಮೀಪ ಅದ, 2400 ದೂರ ಅದ’ ಎನ್ನುವ ಮಾತು ಹಿಂದಿನ ಬೆಂಚಿನಿಂದ ಬಂತು.

ಇನ್ನೊಂದು ದಾರಿಯನ್ನು ರೈತರ ಮಕ್ಕಳಿಂದಲೇ ಹೇಳಿಸಬಹುದು. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತದ ಚೀಲ ಎಂದರೆ 75 ಕಿಲೋ. 4300 ಕಿಲೋ ಭತ್ತ ಎಷ್ಟು ಚೀಲ? 4300 ÷ 75 ಎಂದು ಬರೆದರೆ ಮಗು ಹೆದರುತ್ತದೆ. ಆದರೆ ನಾಲ್ಕು ಚೀಲಕ್ಕೆ ಮೂರು ಕ್ವಿಂಟಲ್ ಎಂಬುದು ಕಣದಲ್ಲಿ ಓಡಾಡಿದ ಮಗುವಿಗೆ ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ಒಂದು ಸಲ ಕೂಡಿಸಿ ತೋರಿಸಿದರೆ ಸಾಕು. 43 ಕ್ವಿಂಟಲ್‌ನಲ್ಲಿ ಮೂರು ಕ್ವಿಂಟಲ್ 14 ಸಲ. 14 ನಾಲ್ಕಲೆ 56 ಚೀಲ. ಒಂದು ಕ್ವಿಂಟಲ್ ಉಳಿಯಿತು, ಅದರಲ್ಲಿ ಇನ್ನೊಂದು ಚೀಲ. 57 ಚೀಲ, ಮೇಲೆ 25 ಕಿಲೋ. ಅಂದಾಜು ಮಾಡಲು ಹೊರಟದ್ದು ನಿಖರ ಉತ್ತರಕ್ಕೇ ಬಂದು ನಿಂತಿತು! 25, 75, 125 ಇಂಥ ಭಾಜಕ ಬಂದಾಗ ಹತ್ತಕ್ಕೆ ಸರಿಸುವ ಬದಲು, ಅವು ಎಷ್ಟು ಸೇರಿದರೆ ನೂರೋ ಮುನ್ನೂರೋ ಸಾವಿರವೋ ಆಗುತ್ತದೆ ಎಂದು ನೋಡುವುದನ್ನು ರೂಢಿ ಮಾಡಿಸಿ.

ಹಂತ 4: ಅಂದಾಜು ಮೇಲಿದೆಯೋ ಕೆಳಗಿದೆಯೋ

ಒಂದು ತಟ್ಟೆ ಮಿರ್ಚಿ ಬಜ್ಜಿ, ಒಂದಷ್ಟು ಮಕ್ಕಳು. ಮಿರ್ಚಿ ಹೆಚ್ಚಾದರೆ ಒಬ್ಬರ ಪಾಲು ಹೆಚ್ಚು. ಮಕ್ಕಳು ಹೆಚ್ಚಾದರೆ ಒಬ್ಬರ ಪಾಲು ಕಡಿಮೆ. ಇದನ್ನು ನಾಲ್ಕನೇ ತರಗತಿಯ ಯಾವ ಮಗುವಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ಭಾಜ್ಯ ಏರಿದರೆ ಭಾಗಲಬ್ಧ ಏರುತ್ತದೆ, ಭಾಜಕ ಏರಿದರೆ ಭಾಗಲಬ್ಧ ಇಳಿಯುತ್ತದೆ’ ಎಂದು ಬಾಯಿಪಾಠ ಮಾಡಿಸಿದರೆ ತಲೆಕೆಳಗು ಮಾಡಿ ಹೇಳುತ್ತಾರೆ. ಮಿರ್ಚಿ ಮರೆಯುವುದಿಲ್ಲ.

ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಎಷ್ಟು ಗೇಟ್ ತೆರೆದರು, ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದು ಇಲ್ಲಿ ಮನೆಮನೆಯ ಸುದ್ದಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಮಕ್ಕಳೂ ದಿನವೂ ನೀರಿನ ಲೆಕ್ಕ ಮಾತಾಡುತ್ತಿದ್ದರು. ಜಲಾಶಯಕ್ಕೆ ಒಟ್ಟು 33 ಗೇಟ್. ಅಷ್ಟರಿಂದಲೂ ಸಮನಾಗಿ 1,50,000 ಕ್ಯೂಸೆಕ್ ಬಿಟ್ಟರು ಎಂದುಕೊಳ್ಳಿ, ಒಂದು ಗೇಟಿಗೆ ಎಷ್ಟು? 33 ಅನ್ನು 30 ಮಾಡಿದರೆ 5000. ಈಗ ಕೇಳಿ: “ನಿಜವಾದ ಉತ್ತರ 5000ಕ್ಕಿಂತ ಹೆಚ್ಚೋ ಕಡಿಮೆಯೋ?” ಗೇಟ್‌ಗಳನ್ನು ಕಡಿಮೆ ಮಾಡಿದೆವು, ಅಂದರೆ ಒಂದೊಂದರ ಪಾಲು ಹೆಚ್ಚಾಯಿತು. ಆದ್ದರಿಂದ ನಿಜವಾದದ್ದು 5000ಕ್ಕಿಂತ ಕಡಿಮೆ. ಭಾಗಿಸಿದರೆ ಸುಮಾರು 4545.

ಎರಡೂ ಸಂಖ್ಯೆ ಬದಲಿಸಿದಾಗ? 187 ÷ 52 ಅನ್ನು 200 ÷ 50 ಮಾಡಿದರೆ ಭಾಜ್ಯ ಹೆಚ್ಚಿಸಿದೆವು, ಭಾಜಕ ಕಡಿಮೆ ಮಾಡಿದೆವು, ಎರಡೂ ಉತ್ತರವನ್ನು ಮೇಲಕ್ಕೇ ತಳ್ಳಿದವು. ಹಾಗಾಗಿ ನಿಜವಾದ ಉತ್ತರ ಖಂಡಿತ 4ಕ್ಕಿಂತ ಕಡಿಮೆ. 2650 ÷ 38 ಅನ್ನು 2800 ÷ 40 ಮಾಡಿದಾಗ ಒಂದು ಮೇಲೆ ತಳ್ಳಿತು, ಒಂದು ಕೆಳಗೆ ಎಳೆಯಿತು. ‘ನೋಡಿದ ಕೂಡಲೇ ಹೇಳಕ್ಕ ಬರಲ್ಲ’ ಎಂದು ಮಗು ಹೇಳಿದರೆ ಅದೇ ಸರಿಯಾದ ಉತ್ತರ, ಪೂರ್ತಿ ಅಂಕ ಕೊಡಿ.

ಹಂತ 5: ಅಂಕಿ ಮುಚ್ಚಿಡಿ

ಚುರುಕಾದ ಮಕ್ಕಳು ಒಂದು ಕೆಲಸ ಮಾಡುತ್ತಾರೆ. ಮೊದಲು ಪೂರ್ತಿ ಭಾಗಿಸಿ, ಬಂದ ಉತ್ತರವನ್ನು ಸ್ವಲ್ಪ ಆಚೀಚೆ ಮಾಡಿ ‘ಅಂದಾಜು’ ಎಂದು ಬರೆಯುತ್ತಾರೆ. ಅವರನ್ನು ಬೈಯಬೇಡಿ, ಅಂದಾಜು ತಪ್ಪಾಗುವ ಭಯದಿಂದ ಹಾಗೆ ಮಾಡುತ್ತಾರೆ. ಭಾಗಿಸಲಿಕ್ಕೇ ಬಾರದಂಥ ಲೆಕ್ಕ ಕೊಟ್ಟುಬಿಡಿ.

6▢▢ ÷ 8. ರಸೀದಿ ಮಳೆಯಲ್ಲಿ ನೆಂದು ಕೊನೆಯ ಎರಡು ಅಂಕಿ ಅಳಿಸಿಹೋಗಿವೆ. ಆರುನೂರು ಚಿಲ್ಲರೆ ರೂಪಾಯಿಯನ್ನು ಎಂಟು ಕೂಲಿಯವರಿಗೆ ಹಂಚಬೇಕು. ಒಬ್ಬರಿಗೆ ಎಷ್ಟು? ಎಂಟು ನೂರಲೆ 800, ಅಷ್ಟಿಲ್ಲ, ಆದ್ದರಿಂದ ನೂರು ಬರದು, ಎರಡೇ ಮನೆ. 640 ÷ 8 = 80. ಹಾಗಾಗಿ ಎಂಬತ್ತರ ಆಸುಪಾಸು. ಇನ್ನೂ ಕೆದಕುವ ಮಗುವಿಗೆ ಎರಡೂ ತುದಿ ಕೇಳಿ: ಕನಿಷ್ಠ 600 ಇದ್ದರೆ 75, ಗರಿಷ್ಠ 699 ಇದ್ದರೆ 87 ಮತ್ತು ಸ್ವಲ್ಪ. ಅಂಕಿಗಳೇ ಕಾಣದಿದ್ದರೂ ಇಷ್ಟು ಹೇಳಬಹುದು ಎಂದು ಗೊತ್ತಾದಾಗ ಮಕ್ಕಳ ಮುಖ ನೋಡಬೇಕು.

ಹಲಗೆಯ ಮೇಲೆ ಲೆಕ್ಕ ಬರೆದು ಹತ್ತು ಎಣಿಸಿ ಒರೆಸಿಬಿಡುವುದು ಇದರ ಇನ್ನೊಂದು ರೂಪ. ಆ ಹೊತ್ತಿನಲ್ಲಿ ಪೆನ್ಸಿಲ್ ಕೆಳಗೆ.

ಹಂತ 6: ನೋಟ್‌ಬುಕ್ಕಿನಲ್ಲಿ ಮೂರು ಸಾಲು

ಈಗ ಲಿಖಿತ ಭಾಗಾಕಾರಕ್ಕೆ ಬನ್ನಿ. ಪ್ರತಿ ಲೆಕ್ಕದ ಮೇಲೆ ಮನೆಗಳು ಮತ್ತು ಅಂದಾಜು, ನಡುವೆ ಭಾಗಾಕಾರ, ಕೆಳಗೆ ‘ಹೊಂದಿತೋ ಇಲ್ಲವೋ’ ಎಂಬ ಒಂದು ಸಾಲು. ಅಂದಾಜನ್ನು ಪೆನ್ನಿನಲ್ಲಿ ಬರೆಸಿ, ಭಾಗಾಕಾರ ಪೆನ್ಸಿಲ್ಲಿನಲ್ಲಿ. ಪೆನ್ಸಿಲ್ಲಿನಲ್ಲಿ ಬರೆದ ಅಂದಾಜನ್ನು ಉತ್ತರ ಬಂದ ಮೇಲೆ ರಬ್ಬರಿನಿಂದ ಅಳಿಸಿ ‘ಸರಿ’ ಮಾಡುತ್ತಾರೆ. ಆಗ ಎಲ್ಲಿ ತಪ್ಪಿತು ಎಂಬುದು ನಿಮಗೂ ಕಾಣದು, ಅವರಿಗೂ ಕಾಣದು.

ಹೊಂದದಿದ್ದಾಗ ತಪ್ಪು ಯಾವ ಕಡೆಯೂ ಇರಬಹುದು. ಅಂದಾಜು 70, ಉತ್ತರ 7 ಬಂದರೆ ಸ್ಥಾನದ ಎಡವಟ್ಟು. ಅಂದಾಜು 70, ಉತ್ತರ 52 ಬಂದರೆ ಮಗ್ಗಿಯಲ್ಲೋ ಕಳೆಯುವಲ್ಲೋ ಏನೋ ಆಗಿದೆ. ಅಂದಾಜು 70, ಉತ್ತರ 69 ಬಂದರೆ ಮುಂದೆ ಹೋಗಿ. ಆದರೆ ಅಂದಾಜಿಗೆ ಹೊಂದಿದ ಮಾತ್ರಕ್ಕೆ ಉತ್ತರ ಸರಿ ಎಂದಲ್ಲ, 68 ಬಂದಿದ್ದರೂ ಹೊಂದುತ್ತಿತ್ತು. ಅದಕ್ಕೆ ಭಾಜಕ × ಭಾಗಲಬ್ಧ + ಶೇಷ ತಾಳೆ ಬೇಕೇ ಬೇಕು, ಬಿಡಬೇಡಿ.

ಅಂಕ ಕೊಡುವಾಗ ಅಂದಾಜಿಗೆ ಬೇರೆಯೇ ಅಂಕ ಇಡಿ. ನಾನು ನೋಡುವುದು ಮನೆಗಳ ಎಣಿಕೆ ಸರಿಯೇ, ಬದಲಿಸಿಕೊಂಡ ಸಂಖ್ಯೆಗಳು ಬಾಯಲ್ಲೇ ಭಾಗಿಸುವಷ್ಟು ಸುಲಭವೇ ಎಂಬ ಎರಡನ್ನು. ನಿಖರ ಉತ್ತರಕ್ಕೆ ಎಷ್ಟು ಹತ್ತಿರ ಎಂಬುದಕ್ಕೆ ಅಂಕ ಕಟ್ಟಿದರೆ ಮಕ್ಕಳು ಮತ್ತೆ ಗುಟ್ಟಾಗಿ ಭಾಗಿಸಲು ಶುರುಮಾಡುತ್ತಾರೆ.

ಹಂತ 7: ಉಳಿದದ್ದನ್ನು ಏನು ಮಾಡುವುದು

187 ಮಕ್ಕಳು ಮುದಗಲ್ ಕೋಟೆಗೆ ಪ್ರವಾಸ ಹೊರಟಿದ್ದಾರೆ, ಒಂದು ಬಸ್ಸಿಗೆ 52 ಸೀಟು. ಅಂದಾಜು 4, ನಿಜವಾದದ್ದು 4ಕ್ಕಿಂತ ಕಡಿಮೆ ಎಂದು ಆಗಲೇ ನೋಡಿದೆವು. ಮೂರು ಬಸ್ಸಿಗೆ 156 ಮಂದಿ, 31 ಮಂದಿ ಉಳಿಯುತ್ತಾರೆ. ಅವರನ್ನು ಬಿಟ್ಟುಹೋಗಲಾದೀತೇ? ಬಸ್ಸು ನಾಲ್ಕೇ ಬೇಕು.

ಬಿಸಿಯೂಟದ ಕೋಣೆ ಇನ್ನೊಂದು ಒಳ್ಳೆಯ ಜಾಗ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ. 138 ಮಕ್ಕಳಿದ್ದರೆ ಹೆಚ್ಚುಕಡಿಮೆ 14 ಕಿಲೋ. 50 ಕಿಲೋ ಚೀಲ ಎಷ್ಟು ದಿನ ಬರುತ್ತದೆ? 14 ಮೂರಲೆ 42, 14 ನಾಲ್ಕಲೆ 56. ಅಡುಗೆಯವರನ್ನು ಕೇಳಿದರೆ ಪೆನ್ನು ಹಿಡಿಯದೆ ‘ಮೂರ್ನಾಲ್ಕು ದಿನ’ ಎನ್ನುತ್ತಾರೆ. ಮಕ್ಕಳು ತಾವು ಲೆಕ್ಕ ಮಾಡಿದ ಮೇಲೆ ಅವರನ್ನು ಕೇಳಿ ಬರಲಿ. ಇಲ್ಲಿ ಮೂರು ದಿನಕ್ಕೇ ಹೊಸ ಚೀಲ ತಂದಿಟ್ಟುಕೊಳ್ಳುವುದು ಜಾಣತನ, ನಾಲ್ಕನೇ ದಿನ ಪೂರ್ತಿ ಆಗದು.

ಹೊಲದ ಲೆಕ್ಕದಲ್ಲಿ ಶೇಷಕ್ಕೆ ಹೆಸರೇ ಇದೆ. 40 ಗುಂಟೆಗೆ ಒಂದು ಎಕರೆ. 137 ಗುಂಟೆ ಎಂದರೆ ಮೂರ್ನಾಲ್ಕು ಎಕರೆ, ಮೂರಕ್ಕೆ ಸ್ವಲ್ಪ ಹೆಚ್ಚು ಸಮೀಪ. ನಿಖರವಾಗಿ 3 ಎಕರೆ 17 ಗುಂಟೆ. ಪಹಣಿಯಲ್ಲಿ ಬರೆದಿರುವುದು ಭಾಗಲಬ್ಧ ಮತ್ತು ಶೇಷವೇ. ಎಕರೆಗೂ ಗುಂಟೆಗೂ ನಡುವೆ ಚುಕ್ಕಿ ಇಟ್ಟಿರುತ್ತಾರೆ, ಅದು ದಶಮಾಂಶದ ಚುಕ್ಕಿಯಲ್ಲ ಎಂದು ದೊಡ್ಡ ಮಕ್ಕಳಿಗೆ ಹೇಳಿ. ಈ ಗೊಂದಲ ದೊಡ್ಡವರಲ್ಲೂ ಇದೆ.

ಆರು-ಏಳನೇ ತರಗತಿಗೆ: ಭಾಜ್ಯವೇ ಚಿಕ್ಕದಾದಾಗ

ತುಂಗಭದ್ರಾ ಜಲಾಶಯದಲ್ಲಿ 1953ರಿಂದ ನೀರು ನಿಂತಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿ. ಕಳೆದುಹೋದದ್ದು 28. ವರ್ಷಗಳು ಎಪ್ಪತ್ತು ಎಂದು ಹಿಡಿಯೋಣ. ವರ್ಷಕ್ಕೆ ಸರಾಸರಿ ಎಷ್ಟು? 28 ÷ 70.

‘28ರಾಗ 70 ಹೋಗಲ್ರೀ’ ಎಂದು ಕೈಬಿಡುತ್ತಾರೆ. ಬೇಲಿಯನ್ನು ಈ ಕಡೆಗೂ ಹಾಕಿಸಿ. 70ರ ಒಂದರಷ್ಟು 70, ಅಷ್ಟಿಲ್ಲ, ಹಾಗಾಗಿ ಉತ್ತರ ಒಂದಕ್ಕಿಂತ ಕಡಿಮೆ. 70ರ ಅರ್ಧ 35, ಅಷ್ಟೂ ಇಲ್ಲ, ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹತ್ತನೇ ಒಂದರಷ್ಟು 7, ಅದಕ್ಕಿಂತ ಬಹಳ ಹೆಚ್ಚು. ಏಳು ನಾಲ್ಕಲೆ ಇಪ್ಪತ್ತೆಂಟು, ಆದ್ದರಿಂದ ಹತ್ತನೇ ನಾಲ್ಕರಷ್ಟು: 0.4 ಟಿಎಂಸಿ. ಮಗು 4 ಎಂದೋ 0.04 ಎಂದೋ ಬರೆದರೆ ‘ಅರ್ಧಕ್ಕಿಂತ ಸ್ವಲ್ಪ ಕಡಿಮೆ’ ಎಂದು ತಾನೇ ಹೇಳಿದ ಮಾತು ಅದನ್ನು ಹಿಡಿದು ನಿಲ್ಲಿಸುತ್ತದೆ.

ಕಳೆದ ವರ್ಷ ಈ ಲೆಕ್ಕ ಮುಗಿದ ಮೇಲೆ ಒಬ್ಬ ಹುಡುಗ ಕೈ ಎತ್ತಿ, “ಹಿಂಗಾ ತುಂಬಕೋತ ಹೋದ್ರ 105 ಪೂರಾ ತುಂಬಾಕ ಎಷ್ಟು ವರ್ಷ ಬೇಕ್ರೀ ಸರ?” ಎಂದ. 105 ÷ 0.4. ನಾನು ಹಲಗೆ ಒರೆಸಿ ಮೊದಲು ಮನೆ ಎಣಿಸಲು ಹೇಳಿದೆ.